ಬಾಣಂತಿ ಭೂಮಿಗೊಂದು ಶುಂಠಿ ಕೇಕು

"ಅಮ್ಮಾ, ಇಲ್ಲಿನ ಭೂಮಿಗೂ ಬಯಕೆ ಆಗತ್ತಾ?"

ದಸರಾ ಮುಗಿದ ಮಾರನೇ ದಿನ. ಬರುವ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಹಬ್ಬ. ತೆನೆ ಹೊರುವ ಗದ್ದೆಯನ್ನು ಬಸುರಿ ಅಂದುಕೊಂಡು ನಮ್ಮ ಕಡೆ ಅವತ್ತು ಭೂಮಿಗೆ ಬಯಕೆ ಊಟ ಬಡಿಸುತ್ತಾರೆ. ಆ ಊಟ ಒಯ್ಯುವ ಬುಟ್ಟಿಗೆ ಕೆಂಪು ಬಳಿದು ಒಣಗಲು ಇಟ್ಟಿದ್ದೆ. ಮಗಳು ಅಕ್ಕಿಹಿಟ್ಟಿನ ಬಟ್ಟಲು ಹಿಡಿದು ಕಾಯುತ್ತಾ ಕೂತಿದ್ದಳು. ಇಂಗ್ಲೆಂಡಿನ ಲೀಡ್ಸಿನಲ್ಲಿ ಹುಟ್ಟಿ ಬೆಳೆಯುತ್ತಿರುವ ಮಗು. ಸೊರಬದ ಹತ್ತಿರದ ನಮ್ಮೂರ ಗದ್ದೆಯನ್ನು ಅವಳು ನೋಡಿರುವುದು ಇಲ್ಲಿನ ಶಾಲೆಗೆ ರಜೆ ಸಿಗುವ ಆಗಸ್ಟಿನಲ್ಲಿ ಮಾತ್ರ. ಆಗ ನಾಟಿ ಮುಗಿದು ಸಸಿ ಬೇರು ಹಿಡಿಯುತ್ತಿರುತ್ತದೆ. ಹೊಡೆ ತುಂಬಿ ತೆನೆ ಹೊರಡುವ ಭತ್ತವನ್ನು ಅವಳು ಕಂಡೇ ಇಲ್ಲ. ಏನಂತ ಹೇಳಲಿ? "ಮೊದಲು ಚಿತ್ತಾರ ಬರೆದು ಮುಗಿಸೋಣ" ಅಂದೆ.

ಬುಟ್ಟಿ ಇಲ್ಲಿನ ಹಳೇ ಸಾಮಾನಿನ ಅಂಗಡಿಯದು, ಬ್ರೆಡ್ ಇಡುವ ಬೆತ್ತದ ಬುಟ್ಟಿ. ಊರಿನ ಮಣ್ಣನ್ನು ಈ ದೇಶಕ್ಕೆ ತರುವಂತಿಲ್ಲ. ಹಾಗಾಗಿ ಕೆಮ್ಮಣ್ಣಿನ ಬದಲು ಚಿತ್ರ ಬರೆಯುವವರ ಅಂಗಡಿಯಲ್ಲಿ ಸಿಗುವ ಕಾವಿ ಪುಡಿ ಕಲಸಿದ್ದೆ. ಪುಂಡಿ ನಾರಿನ ಕುಂಚ ಮಾತ್ರ ಅವ್ವ ಕಟ್ಟಿಕೊಟ್ಟದ್ದು. ಗೆರೆ ಎಳೆಯುವಾಗ ಉಸಿರು ಹಿಡಿದುಕೋ ಅನ್ನುತ್ತಿದ್ದಳು. ಈಗ ಅವಳ ಕೈ ಸಣ್ಣಗೆ ನಡುಗುತ್ತದೆ. ಆದರೂ ಭೂಮಣ್ಣಿ ಬುಟ್ಟಿ ಬರೆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವತ್ತು ಸಂಜೆ, ಪಕ್ಕದ ಮನೆ ಅಜ್ಜಿಯ ತೋಟದಲ್ಲಿ. ಇಲ್ಲಿ ಕೌನ್ಸಿಲ್‌ನವರು ಊರಿನ ನಡುವೆಯೇ ತುಂಡು ತುಂಡು ಜಮೀನನ್ನು ಬಾಡಿಗೆಗೆ ಕೊಡುತ್ತಾರೆ. ಅಲಾಟ್‌ಮೆಂಟ್ ಅನ್ನುತ್ತಾರೆ. ಅಜ್ಜಿಗೆ ಎಪ್ಪತ್ತು ದಾಟಿದೆ. ಗಂಡ ಹೋದ ಮೇಲೂ ಆ ತುಂಡು ಭೂಮಿಯನ್ನು ಬಿಟ್ಟವರಲ್ಲ. ನಾವು ಹೋದಾಗ ಹುರುಳಿಕಾಯಿ ಬಳ್ಳಿಯ ಕಂಬಗಳನ್ನು ಕೀಳುತ್ತಿದ್ದರು. ಆಲೂಗಡ್ಡೆ ಅಗೆದಾಗಿತ್ತು, ಕುಂಬಳ ಕೊಯ್ದಾಗಿತ್ತು, ಸೇಬು ಬುಟ್ಟಿ ಸೇರಿತ್ತು. "ಈ ವರ್ಷದ್ದು ಎಲ್ಲ ಮುಗೀತು. ಇನ್ನು ಮಣ್ಣಿಗೆ ಗೊಬ್ಬರ ಹೊದಿಸಿ ಮಲಗಿಸಬೇಕು" ಅಂದರು.

ಮಗಳು ಸ್ವಲ್ಪ ಹೊತ್ತು ಆ ಖಾಲಿ ಮಣ್ಣನ್ನೇ ನೋಡಿದಳು. ಆಮೇಲೆ ನನ್ನ ಕೈ ಎಳೆದು, "ಇಲ್ಲಿ ಪಾಪು ಹುಟ್ಟಿ ಆಯ್ತು ಅಮ್ಮಾ. ಇದು ಬಾಣಂತಿ ಭೂಮಿ. ಇದಕ್ಕೆ ಶುಂಠಿ ಕೊಡಬೇಕು, ಅಲ್ವಾ?" ಅಂದಳು.

ಹೋದ ಆಗಸ್ಟಿನಲ್ಲಿ ನನ್ನ ತಂಗಿಯ ಬಾಣಂತನವನ್ನು ಕಣ್ಣಾರೆ ಕಂಡು ಬಂದವಳು. ಬಚ್ಚಲ ಹಂಡೆ, ಹೊಗೆ, ಎಣ್ಣೆ ವಾಸನೆ, ಅವ್ವ ಒರಳಲ್ಲಿ ಕುಟ್ಟುವ ಒಣಶುಂಠಿ. ಅದೆಲ್ಲ ಅವಳ ತಲೆಯಲ್ಲಿ ಕೂತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಜ್ಜಿಗೆ ವಿಷಯ ಹೇಳಿದೆ. ಅಲ್ಲಿ ಈಗ ಭೂಮಿ ಬಸುರಿ, ಇಲ್ಲಿ ಹೆರಿಗೆಯಾಗಿದೆ ಅಂತ ಇವಳು ಹೇಳುತ್ತಿದ್ದಾಳೆ ಅಂದೆ. ಅವರು ನಗಲಿಲ್ಲ. ಕೈಗವಸು ಬಿಚ್ಚಿ ಮಗಳ ತಲೆ ಸವರಿ, "ಹಾಗಾದರೆ ಹಬ್ಬದ ದಿನ ಭೂಮಿಯ ಊಟ ಇಲ್ಲಿಗೇ ತನ್ನಿ. ಗುಂಡಿ ನಾನು ತೋಡಿಟ್ಟಿರುತ್ತೇನೆ" ಅಂದರು. ಹೊರಡುವಾಗ ಬಳ್ಳಿಯಲ್ಲೇ ಬಿಟ್ಟು ದೊಡ್ಡದಾದ ಸೌತೆಯಂಥ ಒಂದು ಮ್ಯಾರೋ ಕಾಯಿಯನ್ನು ಎರಡೂ ಕೈ ತುಂಬ ಕೊಟ್ಟರು. ಕಡುಬಿಗೆ ಬಲಿತ ಸೌತೆಕಾಯಿ ಎಲ್ಲಿ ಹುಡುಕಲಿ ಅಂತ ಒದ್ದಾಡುತ್ತಿದ್ದ ನನಗೆ ಅಷ್ಟು ಸಾಕಾಗಿತ್ತು.

ಶುಂಠಿ ಕೇಕಿನ ಪಾಠ ನನಗೆ ಆದದ್ದೂ ಈ ಅಜ್ಜಿಯ ಅಡುಗೆಮನೆಯಲ್ಲೇ. 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಸಲು ಹೊರಟವರು ಸಿಕ್ಕಿಬಿದ್ದ ನೆನಪಿಗೆ ಇಲ್ಲಿ ನವೆಂಬರ್ 5ರ ರಾತ್ರಿ ದೊಡ್ಡ ಬೆಂಕಿ ಹಾಕುತ್ತಾರೆ. ನಾವಿರುವ ಈ ಯಾರ್ಕ್‌ಶೈರ್‌ನವರಿಗೆ ಆ ಬೆಂಕಿಯ ಮುಂದೆ ಪಾರ್ಕಿನ್ ಇರಲೇಬೇಕು. ಓಟ್ಸ್ ಹಿಟ್ಟು, ಟ್ರೀಕಲ್ ಅನ್ನುವ ಕಪ್ಪು ಸಕ್ಕರೆ ಪಾಕ, ಬೆಣ್ಣೆ, ಶುಂಠಿ ಪುಡಿ ಸೇರಿದ ಕೇಕು. ಓಟ್ಸ್ ಯಾಕೆ ಅಂತ ಕೇಳಿದ್ದೆ. ಇಲ್ಲಿನ ಚಳಿ, ಮಳೆಗೆ ಗೋಧಿ ಸರಿಯಾಗಿ ಬರುತ್ತಿರಲಿಲ್ಲ, ಓಟ್ಸ್ ಬರುತ್ತಿತ್ತು ಅಂದರು. ಮಳೆ ಯಾವುದನ್ನು ಬೆಳೆಯಲು ಬಿಡುತ್ತದೋ ಅದೇ ಹಬ್ಬದ ಅಡುಗೆ ಆಗುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ರೀಕಲ್ ಬದಲಿಗೆ ನಾನು ಜೋನಿ ಬೆಲ್ಲ, ಅಂದರೆ ನಮ್ಮೂರ ನೀರು ಬೆಲ್ಲ ಹಾಕಿದೆ. ಊರಿನಿಂದ ಬರುವಾಗಲೆಲ್ಲ ಬಟ್ಟೆ ಕಡಿಮೆ ಮಾಡಿ ಒಂದು ಡಬ್ಬಿ ಜೋನಿ ತರುತ್ತೇನೆ. ಎಡೆಗೆ ಇಡುವುದು ಅಂತ ಮೊಟ್ಟೆ ಬಿಟ್ಟು ಮಜ್ಜಿಗೆ ಹಾಕಿದೆ. ಅಡುಗೆ ಸೋಡಾ ಉಬ್ಬಲು ಹುಳಿ ಬೇಕಲ್ಲ, ಅದಕ್ಕೂ ಆಯಿತು. 150 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಓವನ್‌ನಿಂದ ತೆಗೆದ ದಿನವೇ ಪಾರ್ಕಿನ್ ತಿನ್ನಬಾರದು. ಅವತ್ತು ಅದು ಒಣಒಣ. ಡಬ್ಬಿಯಲ್ಲಿ ಮುಚ್ಚಿಟ್ಟರೆ ದಿನದಿಂದ ದಿನಕ್ಕೆ ಮೆತ್ತಗಾಗುತ್ತಾ, ಚಾಕುವಿಗೆ ಅಂಟುವಷ್ಟು ಹದಕ್ಕೆ ಬರುತ್ತದೆ. ದಸರಾದಿಂದ ಹುಣ್ಣಿಮೆಗೆ ಇರುವ ದಿನಗಳು ಅದಕ್ಕೆ ಸರಿಹೋದವು.

ಶುಂಠಿ ಪುಡಿಯನ್ನು ಅಂಗಡಿಯಿಂದ ತರಲಿಲ್ಲ. ಅವ್ವ ಕಳಿಸಿದ ಒಣಶುಂಠಿಯನ್ನೇ ಕುಟ್ಟಿದೆ. ಹಸಿ ಶುಂಠಿಗೆ ಖಾರ ಕೊಡುವುದು ಜಿಂಜರಾಲ್. ಶುಂಠಿ ಒಣಗುವಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗಿ ಬದಲಾಗುತ್ತದೆ, ಅದರ ಖಾರ ಇನ್ನೂ ಜಾಸ್ತಿ. ಬೇಯಿಸಿದ ಶುಂಠಿಯಲ್ಲಿ ಹುಟ್ಟುವ ಜಿಂಜರೋನ್‌ನಿಂದ ಸಿಹಿ ಘಮ ಬರುತ್ತದೆ. ಇದನ್ನೆಲ್ಲ ನಾನು ಓದಿ ತಿಳಿದೆ. ಬಾಣಂತಿಗೆ ಹಸಿ ಶುಂಠಿ ಬೇಡ, ಒಣಶುಂಠಿಯೇ ಆಗಬೇಕು ಅಂತ ಅವ್ವ ಓದದೆಯೇ ಹೇಳುತ್ತಿದ್ದಳು.

ಮಗಳು ಹುಟ್ಟಿದಾಗ ಅವ್ವ ಬರಲು ಆಗಲಿಲ್ಲ. ಅಡಿಕೆ ಕೊಯ್ಲಿನ ಸಮಯ, ಅಪ್ಪನ ಕಾಲುನೋವು ಬೇರೆ. ಬರುವವರ ಕೈಯಲ್ಲಿ ಒಂದು ಗಂಟು ಕಳಿಸಿದ್ದಳು. ಒಣಶುಂಠಿ, ಕಾಳುಮೆಣಸು, ಓಮ, ಬೆಲ್ಲ, ಅವಳ ಹಳೇ ಸೀರೆಯ ತುಂಡುಗಳು. ದಿನಾ ನಾನು ಸ್ನಾನ ಮುಗಿಸುವ ಹೊತ್ತು ಲೆಕ್ಕ ಹಾಕಿ ಫೋನು ಮಾಡುತ್ತಿದ್ದಳು. "ಶುಂಠಿ ತಿಂದ್ಯಾ? ತಲೆ ಒಣಗಿಸ್ಕಂಡ್ಯಾ?" ಅಷ್ಟೇ ಮಾತು. ನಾನು ಕಿಟಕಿಯ ಹತ್ತಿರ ನಿಂತು ಆ ಶುಂಠಿ ಬೆಲ್ಲದ ಉಂಡೆ ಬಾಯಿಗೆ ಹಾಕಿಕೊಂಡು ಹೂಂ ಅನ್ನುತ್ತಿದ್ದೆ. ತಂಗಿಯ ಬಾಣಂತನದಲ್ಲಿ ಅವ್ವ ಎರಡು ಬಾಣಂತನದಷ್ಟು ಮಾಡಿದಳಂತೆ. "ನಿಂಗೆ ಮಾಡಕ್ಕಾಗದ್ದನ್ನೂ ನಂಗೇ ಮಾಡಿದ್ಲು ಅಕ್ಕಾ" ಅಂತ ತಂಗಿ ಹೇಳಿದಾಗ ನಾನು ಮಾತು ಬದಲಿಸಿದೆ.

ಶುಂಠಿ ಸಿಕ್ಕಿದರೆ ನನ್ನ ಕೈ ಸುಮ್ನೆ ಇರುವುದಿಲ್ಲ. ಕಿರ್ಕ್‌ಗೇಟ್ ಮಾರ್ಕೆಟ್ಟಿಗೆ ಹೋದಾಗಲೆಲ್ಲ ಚೀನಾದ್ದೋ ಬ್ರೆಜಿಲ್‌ನದ್ದೋ ದಪ್ಪ ಶುಂಠಿ ಚೀಲಕ್ಕೆ ಬೀಳುತ್ತದೆ. ಚಳಿಗಾಲದಲ್ಲಿ ಸ್ವೀಡನ್ನಿನವರ ತೆಳು ಬಿಸ್ಕತ್ತು ಪೆಪ್ಪರ್‌ಕಾಕೋರ್, ಜರ್ಮನಿಯವರ ಲೆಬ್‌ಕೂಖನ್ ಎರಡನ್ನೂ ಮಾಡುತ್ತೇನೆ. ಗ್ರಾಸ್ಮಿಯರ್ ಅನ್ನುವ ಹಳ್ಳಿಯಲ್ಲಿ 1854ರಿಂದ ಮಾಡುತ್ತಾ ಬಂದಿರುವ ಶುಂಠಿ ರೊಟ್ಟಿಯನ್ನು ಮಳೆಯಲ್ಲಿ ನಿಂತು ತಿಂದಿದ್ದೇವೆ. ಅತ್ತ ಬಿಸ್ಕತ್ತೂ ಅಲ್ಲ, ಇತ್ತ ಕೇಕೂ ಅಲ್ಲ, ಬಾಯಲ್ಲಿ ಮರಳುಮರಳಾಗಿ ಕರಗುತ್ತದೆ.

ಆದರೆ ನನ್ನ ಮನಸ್ಸಿಗೆ ಅಂಟಿಕೊಂಡದ್ದು ಚೀನಾದ ಗುವಾಂಗ್‌ಡಾಂಗ್ ಕಡೆಯ ಶುಂಠಿ ಹಾಲು. ಬಟ್ಟಲಿಗೆ ಹಸಿ ಶುಂಠಿ ರಸ ಹಿಂಡಿ, ಸುಮಾರು 70 ಡಿಗ್ರಿಗೆ ಬಂದ ಸಿಹಿ ಹಾಲನ್ನು ಮೇಲಿಂದ ಒಂದೇ ಸಲ ಸುರಿಯಬೇಕು. ಅಲುಗಿಸಬಾರದು. ಶುಂಠಿಯಲ್ಲಿರುವ ಒಂದು ಕಿಣ್ವ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಹಾಲು ಕುದಿಯುವಷ್ಟು ಬಿಸಿಯಿದ್ದರೆ ಆ ಕಿಣ್ವ ಸತ್ತುಹೋಗುತ್ತದೆ, ಹೆಪ್ಪು ಕೂರುವುದಿಲ್ಲ. ಸರಿಯಾಗಿ ಬಂದಾಗ ಚಮಚ ಹಾಕಿದರೆ ಥೇಟ್ ಗಿಣ್ಣು. ಮೊದಲ ಸಲ ಬಾಯಿಗಿಟ್ಟಾಗ ನಮ್ಮ ಕೊಟ್ಟಿಗೆಯೇ ಕಣ್ಣೆದುರು ಬಂತು. ಕರು ಹಾಕಿದ ಹಸುವಿನ ಮುಂದೆ ಅವ್ವ ಇಡುತ್ತಿದ್ದ ಬಿಸಿ ಕಲಗಚ್ಚು, ಗಿಣ್ಣದ ಮೊದಲ ತುಂಡು ದೇವರಿಗೆ, ಎರಡನೆಯದು ನನಗೆ. ಈಗ ಕೊಟ್ಟಿಗೆಯಲ್ಲಿ ದನ ಇಲ್ಲ. ಹುಲ್ಲು ತರುವವರು ಯಾರು? ಅಲ್ಲಿ ಈಗ ತಮ್ಮನ ಬೈಕು ನಿಲ್ಲುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆ ತುಂಬ ಗದ್ದಲ. ಮ್ಯಾರೋ ತುರಿದು, ಅಕ್ಕಿ ತರಿ, ಕಾಯಿತುರಿ, ಬೆಲ್ಲ ಸೇರಿಸಿ ಕಡುಬಿನ ಹಿಟ್ಟು ಕಲಸಿದೆ. ನನ್ನ ಗಂಡ ಸೊಪ್ಪು ಬಿಡಿಸಿದರು. ಪಾಲಕ್, ಕೇಲ್, ಮೂಲಂಗಿ ಸೊಪ್ಪು, ಅಜ್ಜಿ ಕೊಟ್ಟ ಬೀಟ್‌ರೂಟ್ ಎಲೆ, ಹೀಗೆ ಸಿಕ್ಕಿದ್ದನ್ನೆಲ್ಲ ಹಾಕಿ ಹಚ್ಚಂಬಲಿ ಬೇಯಿಸಿದೆವು. ಬಾಳೆಲೆ ಫ್ರೀಜರ್‌ನಲ್ಲಿ ಇತ್ತು. ಅರಿಶಿನದ ಎಲೆ ಮಾತ್ರ ಈ ಊರಲ್ಲಿ ಎಲ್ಲೂ ಸಿಗಲಿಲ್ಲ. ಕಡುಬು ಬೆಂದು ಮುಚ್ಚಳ ತೆಗೆದಾಗ ಬರಬೇಕಾದ ಆ ಘಮ ಬರಲಿಲ್ಲ. ಬಚ್ಚಲ ಹಿಂದೆ ಕಾಲು ತೊಳೆದ ನೀರಿಗೇ ಎದೆಮಟ್ಟ ಬೆಳೆಯುತ್ತಿದ್ದ ಅರಿಶಿನದ ಗಿಡ. ಕತ್ತಲಲ್ಲಿ ಕೈ ಹಾಕಿ ಎಲೆ ಕಿತ್ತು ತಾ ಅಂತ ಅವ್ವ ಅಟ್ಟಿದರೆ ಹಾವಿನ ಹೆದರಿಕೆಗೆ ನಾನು ತಮ್ಮನನ್ನು ಮುಂದೆ ಬಿಡುತ್ತಿದ್ದೆ.

ಇಲ್ಲಿ ರಾತ್ರಿ ಹನ್ನೆರಡೂವರೆ ಆದಾಗ ಅಲ್ಲಿ ಬೆಳಗಿನ ಐದು. ವೀಡಿಯೊ ಕರೆ ಬಂತು. ಮೊದಲು ಬರೀ ಕತ್ತಲು, ಆಮೇಲೆ ತಮ್ಮನ ಟಾರ್ಚ್ ಬೆಳಕು, ಅದರಲ್ಲಿ ಅವ್ವನ ತಲೆಯ ಮೇಲಿನ ಬುಟ್ಟಿ. ಗದ್ದೆ ಕಾಣಲಿ ಅಂತ ತಮ್ಮ ಫೋನು ತಿರುಗಿಸಿದ. ಕಂಡದ್ದು ಭತ್ತವಲ್ಲ. ಉದ್ದಕ್ಕೂ ಏರುಮಡಿ, ನಡುವೆ ಕಾಲುವೆ, ಮಡಿಯ ಮೇಲೆ ಮಂಡಿಯೆತ್ತರದ ಶುಂಠಿ.

ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದಾರೆ. ಅಪ್ಪನಿಗೆ ಇಳಿಯಲು ಆಗುವುದಿಲ್ಲ, ನಾಟಿಗೆ ಆಳು ಸಿಗುವುದಿಲ್ಲ, ಭತ್ತದಲ್ಲಿ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ತಮ್ಮ ಫೋನು ಮಾಡಿ ಕೇಳಿದಾಗ, ಇಷ್ಟು ದೂರ ಕೂತವಳು ಬೇಡ ಅನ್ನಲು ಯಾವ ಬಾಯಿ? ಹೂಂ ಅಂದಿದ್ದೆ. ಬ್ರೆಜಿಲ್ ಕಡೆಯಿಂದ ಬಂದ ರಿಗೋಡಿ ತಳಿ ಹಾಕಿದ್ದಾರೆ. ಕೊಳೆರೋಗ ಮಣ್ಣಿನಲ್ಲೇ ಉಳಿಯುವುದರಿಂದ ಶುಂಠಿಯವರು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುವುದಿಲ್ಲ. ಒಂದು ಬೆಳೆ ತೆಗೆದು ಬೇರೆ ಗದ್ದೆ ನೋಡಿಕೊಳ್ಳುತ್ತಾರೆ. ಹೋಗುವಾಗ ಮಣ್ಣು ಹೇಗಿರುತ್ತದೋ ಅದನ್ನು ಇದ್ದವರು ಸರಿಮಾಡಿಕೊಳ್ಳಬೇಕು.

"ಶುಂಠಿ ಮಡೀಲಿ ಪೂಜೆ ಮಾಡ್ತಿದೀಯಾ ಅವ್ವಾ?" ಅಂತ ಕೇಳಿದೆ.

"ಗುತ್ತಿಗೆ ಕೊಟ್ಟಿದ್ದು ಗದ್ದೆನ ಮಗಾ, ಅವ್ಳ ಬಯಕೆ ಹಂಗೇ ಇರ್ತದೆ" ಅಂದಳು. ಕೊರಳಿನ ತಾಳಿ ತೆಗೆದು ಶುಂಠಿ ಗಿಡಕ್ಕೆ ಹಾಕಿ ಕೈ ಮುಗಿದಳು. ತಮ್ಮ ಕಡುಬು ಹೂತ. ದೂರದ ಇನ್ಯಾವುದೋ ಗದ್ದೆಯಿಂದ ಹಚ್ಚಂಬಲಿ ಬೀರುವವರ ಕೂಗು ಕೇಳಿತು. ಮೊದಲು ಎಂಟು ಹತ್ತು ಕಡೆಯಿಂದ ಕೇಳುತ್ತಿತ್ತು.

ಬೆಳಗ್ಗೆ ಅಲಾಟ್‌ಮೆಂಟಿನಲ್ಲಿ ಎಲ್ಲ ಚೆಂದವಾಗಿಯೇ ಆಯಿತು. ಅಜ್ಜಿ ಹೇಳಿದಂತೆ ಗುಂಡಿ ತೋಡಿಟ್ಟಿದ್ದರು, ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು. ಮಗಳು ಕಡುಬು ಇಟ್ಟು, ಅದರ ಮೇಲೆ ಶುಂಠಿ ಕೇಕಿನ ತುಂಡು ಇಟ್ಟು ಮಣ್ಣು ಮುಚ್ಚಿದಳು. ಹಚ್ಚಂಬಲಿಯನ್ನು ತೋಟದ ಸುತ್ತ ಬೀರಿದಳು. ಕಾಗೆ ಬರಲಿಲ್ಲ ಅಂತ ಅವಳಿಗೆ ಚಿಂತೆ. ಅಷ್ಟರಲ್ಲಿ ಅಗೆದ ಮಣ್ಣಿನ ಹುಳಕ್ಕೆ ಒಂದು ರಾಬಿನ್ ಹಕ್ಕಿ ಬಂದು ಕೂತಿತು, ಚಿಂತೆ ಹೋಯಿತು. ಬೆಂಚಿನ ಮೇಲೆ ಕೂತು ಎಲ್ಲರೂ ಉಂಡೆವು. ಅಜ್ಜಿ ನನ್ನ ಪಾರ್ಕಿನ್ ತಿಂದು, ಖಾರ ಜಾಸ್ತಿ, ಇದೇ ಚೆನ್ನಾಗಿದೆ ಅಂದರು. ಜೋನಿ ಬೆಲ್ಲವನ್ನು ಬೆರಳಲ್ಲಿ ನೆಕ್ಕಿ ನೋಡಿ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು.

ನಾನು ಉಣ್ಣುತ್ತಿದ್ದೆ, ಮಾತಾಡುತ್ತಿದ್ದೆ. ಮನಸ್ಸು ಮಾತ್ರ ಅಪ್ಪನ ಹಿಂದೆ ಗದ್ದೆ ಅಂಚಿನ ಮೇಲೆ ನಡೆಯುತ್ತಿತ್ತು. ಅಪ್ಪನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೊಂದಿ. ಇಬ್ಬನಿಗೆ ನಮ್ಮ ಲಂಗ ಮಂಡಿವರೆಗೆ ಒದ್ದೆ. ಹೊಡೆ ಬಿರಿಯುವ ಗದ್ದೆಗೆ ಒಂದು ಹಾಲು ಹಾಲು ವಾಸನೆ ಇರುತ್ತದೆ. ಕಡುಬು ಹೂತ ಮೇಲೆ ಅಪ್ಪ ಸ್ವಲ್ಪ ಹೊತ್ತು ಬಗ್ಗಿಯೇ ಇರುತ್ತಿದ್ದರು, ತೆನೆಯನ್ನು ಸುಮ್ನೆ ಕೈಯಲ್ಲಿ ಹಿಡಿದು. ಮದುವೆಯಾಗಿ ನಾನು ಹೊರಡುವ ಮುಂಚಿನ ಹಬ್ಬದಲ್ಲಿ, ಅಂಚಿನ ಮೇಲೆ ನಡೆಯುತ್ತಲೇ, ಹಿಂದೆ ತಿರುಗದೆ ಕೇಳಿದ್ದರು, "ಬರೋ ವರ್ಷ ಬರ್ತೀಯಾ?" "ಬರ್ತೀನಿ ಅಪ್ಪಾ" ಅಂದಿದ್ದೆ. ಹುಣ್ಣಿಮೆಯ ಹೊತ್ತಿಗೆ ಇಲ್ಲಿ ಶಾಲೆಗೆ ರಜೆ ಇರುವುದಿಲ್ಲ, ಕೆಲಸದಲ್ಲೂ ಸಿಗುವುದಿಲ್ಲ. ಅಪ್ಪ ಮತ್ತೆ ಆ ಮಾತು ಕೇಳಲೇ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ಸಂಜೆ ತಮ್ಮನಿಗೆ ಫೋನು ಮಾಡಿದೆ. ಶುಂಠಿ ಕಿತ್ತು ಗುತ್ತಿಗೆ ಮುಗಿದ ಮೇಲೆ ಅಡಿಕೆ ಹಾಕುವ ಯೋಚನೆ ಅವನದು. ಎಲ್ಲರೂ ಹಾಕುತ್ತಿದ್ದಾರೆ, ಅವನ ಲೆಕ್ಕವೂ ತಪ್ಪಲ್ಲ. ಮನೆ ಹತ್ತಿರದ ಸಣ್ಣ ಗದ್ದೆ ಒಂದಕ್ಕಾದರೂ ಭತ್ತ ಹಾಕ್ತೀಯಾ, ನಾಟಿಯ ಖರ್ಚು ನಾನು ಕೊಡ್ತೀನಿ ಅಂದೆ.

"ದುಡ್ಡು ಇರ್ಲಿ ಅಕ್ಕಾ. ಬೀಜ ಯಾವ್ದು ಅಂತ ಹೇಳು" ಅಂದ.

"ಇಂಟಾನ್" ಅಂದೆ.

"ಜೀರಿಗೆ ಸಣ್ಣ ಹಾಕು ಅನ್ನು" ಅಂತ ಹಿಂದಿನಿಂದ ಅಪ್ಪನ ದನಿ ಕೇಳಿತು.