ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿಸಬೇಕಾದದ್ದು

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರೋಗಿಗೆ ಹೊಸದಾಗಿ ಏನನ್ನಾದರೂ ಕಲಿಸಹೊರಟರೆ ಅದು ತಲೆಗೆ ಹತ್ತುವುದು ಕಷ್ಟ; ನೋವು, ಅರಿವಳಿಕೆಯ ಮಂಪರು, ಮೈಗೆ ಜೋಡಿಸಿದ ಕೊಳವೆಗಳು ಇವೆಲ್ಲದರ ನಡುವೆ ಕೇಳಿಸಿಕೊಳ್ಳುವ ಚೈತನ್ಯವೇ ಉಳಿದಿರುವುದಿಲ್ಲ. ಕ್ಯಾನ್ಸರ್ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಶುಶ್ರೂಷಕಿಯಾಗಿರುವ ನಾನು ಅದಕ್ಕಾಗಿಯೇ ಮುಂಚಿನ ದಿನಗಳ ಕೆಲಸಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಉಸಿರಾಟದ ವ್ಯಾಯಾಮವನ್ನೇ ನೋಡಿ. ಚೆಂಡುಗಳಿರುವ ಸ್ಪೈರೋಮೀಟರನ್ನು ಕೈಗೆ ಕೊಟ್ಟರೆ ಬಹಳ ಮಂದಿ ಅದನ್ನು ಊದಲು ತೊಡಗುತ್ತಾರೆ. ಉಸಿರನ್ನು ನಿಧಾನವಾಗಿ ಒಳಗೆಳೆದು ಚೆಂಡನ್ನು ಮೇಲೆ ನಿಲ್ಲಿಸಬೇಕೆಂಬುದನ್ನೂ, ಗಾಯದ ಮೇಲೆ ದಿಂಬನ್ನು ಒತ್ತಿ ಹಿಡಿದು ಕೆಮ್ಮಬೇಕೆಂಬುದನ್ನೂ ನೋವಿಲ್ಲದ ದಿನ ಅಭ್ಯಾಸ ಮಾಡಿಸಿದರೆ, ಮುಂದೆ ಶ್ವಾಸಕೋಶದಲ್ಲಿ ಕಫ ಕಟ್ಟಿ ಸೋಂಕಾಗುವ ಅಪಾಯ ಕಡಿಮೆಯಾಗುತ್ತದೆ.

ಕರುಳಿನ ಕ್ಯಾನ್ಸರಿನಲ್ಲಿ ಹೊಟ್ಟೆಯ ಮೇಲೆ ಸ್ಟೋಮಾ, ಅಂದರೆ ಮಲ ಹೊರಬಂದು ಅಂಟಿಸಿದ ಚೀಲದಲ್ಲಿ ಸೇರುವಂತೆ ಕರುಳನ್ನು ಹೊರತಂದು ಮಾಡುವ ಬಾಯಿ, ಮಾಡಬೇಕಾದೀತು ಎಂದಾಗ ಅದರ ಜಾಗವನ್ನು ಮೊದಲೇ ಗುರುತು ಹಾಕುತ್ತೇವೆ. ರೋಗಿಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಬೇಕು. ಏಕೆಂದರೆ ಮಲಗಿದಾಗ ಸಪಾಟಾಗಿದ್ದ ಚರ್ಮ ಕೂತೊಡನೆ ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ಚೀಲ ಸರಿಯಾಗಿ ಅಂಟದೆ ಸೋರುತ್ತದೆ, ಸೋರಿದ ಮಲ ಚರ್ಮವನ್ನು ಸುಡುತ್ತದೆ. ರೋಗಿಯ ಕಣ್ಣಿಗೆ ಕಾಣುವ, ಅವರ ಕೈಗೆ ಎಟಕುವ, ಉಡುಪಿನ ಸೊಂಟಪಟ್ಟಿ ಉಜ್ಜದ ಜಾಗವೇ ಆಗಬೇಕು. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಬಹುದು, ಆದರೆ ಗಡಿಬಿಡಿಯಲ್ಲಿ ಮುಗಿಸಿದ ಗುರುತಿನ ಫಲವನ್ನು ರೋಗಿ ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ ಇವುಗಳ ಲೆಕ್ಕ ಇದ್ದದ್ದೇ. ಸ್ಟೋಮಾ ಕೆಂಪಾಗಿ ತೇವದಿಂದಿದ್ದರೆ ನೆಮ್ಮದಿ. ಕಪ್ಪಿಗೆ ತಿರುಗಿದರೆ ರಕ್ತಸಂಚಾರ ನಿಂತಿರಬಹುದಾದ್ದರಿಂದ ವೈದ್ಯರನ್ನು ಕೂಡಲೇ ಕರೆಯಬೇಕು. ಕ್ಯಾನ್ಸರ್ ರೋಗಿಗಳಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದವರಲ್ಲಿ ಹಲವರಿಗೆ ಹೆಪಾರಿನ್ ಚುಚ್ಚುಮದ್ದನ್ನು 28 ದಿನಗಳವರೆಗೆ ಮುಂದುವರಿಸುವುದು ಅದಕ್ಕಾಗಿ.

ನೋವನ್ನು ಸಹಿಸಿಕೊಳ್ಳುವುದೇ ಒಳ್ಳೆಯ ರೋಗಿಯ ಲಕ್ಷಣವೆಂದು ಅನೇಕರು ಭಾವಿಸಿರುವುದು ಮಾತ್ರ ನನಗೆ ಇಂದಿಗೂ ತಲೆನೋವು. ನೋವಿರುವವರು ಆಳವಾಗಿ ಉಸಿರೆಳೆಯುವುದಿಲ್ಲ, ಮಗ್ಗುಲು ಬದಲಿಸುವುದಿಲ್ಲ, ಹಾಸಿಗೆ ಬಿಟ್ಟೇಳುವುದಿಲ್ಲ. 0ರಿಂದ 10ರ ಅಳತೆಯಲ್ಲಿ ನೋವು ಎಷ್ಟಿದೆಯೆಂದು ಕೇಳಿದಾಗ 7 ಎಂದವರಿಗೆ ಮೊದಲು ವೈದ್ಯರು ಬರೆದಿರುವ ಔಷಧಿ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಆಮೇಲಷ್ಟೇ ಮೊದಲ ಹೆಜ್ಜೆಗೆ ಅವರ ಕೈ ಹಿಡಿಯುತ್ತೇನೆ.