ಟೈರಿಗೆ ಕಣ್ಣಿತ್ತು

ಕಳೆದ ಡಿಸೆಂಬರಿನ ಕೊನೆಯ ವಾರ ಮಗ ರಜೆ ಹಾಕಿ ನಮ್ಮನ್ನೆಲ್ಲ ಫ್ಲೋರಿಡಾಕ್ಕೆ ಕರೆದೊಯ್ದಿದ್ದ. ಮಯಾಮಿಯ ಕಡಲತೀರ, ಪೇಟೆ ಎಲ್ಲ ಮುಗಿದ ಮೇಲೆ ಉಳಿದ ಒಂದು ದಿನವನ್ನು ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಇಟ್ಟುಕೊಂಡಿದ್ದೆವು. ಅಲಿಗೇಟರ್ ನೋಡಲೇಬೇಕೆಂಬುದು ಆರು ವರ್ಷದ ಮೊಮ್ಮಗಳ ಹಟ. ಶ್ರೀರಂಗಪಟ್ಟಣದಲ್ಲಿ ಬೆಳೆದು, ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗುವ ಮೊಸಳೆಗಳನ್ನು ಚಿಕ್ಕಂದಿನಿಂದಲೂ ದೋಣಿಯಲ್ಲಿ ಕುಳಿತು ನೋಡಿದ್ದ ನನಗೆ ಅದರಲ್ಲಿ ಹೊಸತೇನೂ ಇರಲಾರದು ಎನ್ನಿಸಿತ್ತು. ಗುರುತು ಹಿಡಿಯುವುದನ್ನು ನಾನೇ ಕಲಿಸಿಕೊಡುತ್ತೇನೆಂದು ಕಾರಿನಲ್ಲಿ ಅವಳಿಗೆ ಹೇಳಿಯೂ ಬಿಟ್ಟಿದ್ದೆ.

ಮಯಾಮಿಯಿಂದ ಪಶ್ಚಿಮಕ್ಕೆ ತಮಿಯಾಮಿ ಟ್ರೇಲ್ ಎಂಬ ಹೆದ್ದಾರಿಯಲ್ಲಿ ಹೋದರೆ ಶಾರ್ಕ್ ವ್ಯಾಲಿ ಸಿಗುತ್ತದೆ. ಹೆಸರಿನಲ್ಲಿ ಕಣಿವೆಯಿದ್ದರೂ ನೆಲ ಅಂಗೈಯಷ್ಟು ಸಮತಟ್ಟು. ಗರಗಸದಂಥ ಅಂಚಿನ ಎತ್ತರದ ಹುಲ್ಲಿನ ಬುಡದಲ್ಲಿ, ಹರಿಯುತ್ತಿದೆಯೆಂದು ಯಾರಾದರೂ ಹೇಳಿದರೆ ಮಾತ್ರ ನಂಬಬಹುದಾದಷ್ಟು ನಿಧಾನವಾಗಿ ನೀರು ಕಡಲಿನತ್ತ ಸರಿಯುತ್ತದೆ. ಅಲ್ಲಿನ 24 ಕಿಲೋಮೀಟರಿನ ಸುತ್ತುರಸ್ತೆಯಲ್ಲಿ ಸೈಕಲ್ಲಿನಲ್ಲೋ ಟ್ರಾಮ್ ಎಂದು ಕರೆಯುವ ತೆರೆದ ಗಾಡಿಯಲ್ಲೋ ಹೋಗಬಹುದು. ಟ್ರಾಮ್ ಹೊರಡಲು ಇನ್ನೂ ಒಂದು ಗಂಟೆಯಿದ್ದುದರಿಂದ ಪಕ್ಕದ ಕಾಲುವೆಯಗುಂಟ ನಡೆಯತೊಡಗಿದೆವು.

ನಮ್ಮ ಕೆರೆಗಳ ಹಾವಕ್ಕಿಯ ಹತ್ತಿರದ ನೆಂಟನಾದ ಆನ್ಹಿಂಗಾ ಹಕ್ಕಿಯೊಂದು ಪೊದೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಅದನ್ನು ನನ್ನಾಕೆಗೆ ತೋರಿಸುತ್ತ ನಿಂತಿದ್ದಾಗ ಮೊಮ್ಮಗಳು ಅಂಗಿ ಜಗ್ಗಿ, “ತಾತ, ಆ ಟೈರಿಗೆ ಕಣ್ಣಿದೆ” ಎಂದಳು.

ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಕೆಸರು ಒಣಗಿ ಬಿರುಕುಬಿಟ್ಟ ಕರಿಯ ಬೆನ್ನು, ಅದರ ಮೇಲೆ ಸಾಲುಸಾಲಾಗಿ ಎದ್ದ ಗಂಟುಗಳು, ಉದ್ದುದ್ದ ಸೀಳಿದ ಒಂದು ಕಣ್ಣು. ಅದಕ್ಕೂ ನಮಗೂ ನಡುವೆ ಒಂದು ಹಗ್ಗವೂ ಇರಲಿಲ್ಲ. “ಬೇಲಿ ಹಾಕೋಕೆ ಇವರ ಹತ್ರ ದುಡ್ಡಿಲ್ವಾ?” ಎಂದು ನನ್ನಾಕೆ ಪಿಸುಗುಟ್ಟಿದಳು. ಕನಿಷ್ಠ 15 ಅಡಿ ದೂರವಿರಬೇಕೆಂಬ ನಿಯಮವನ್ನು ನೆನಪಿಸಿ ಮಗ ನನ್ನ ತೋಳು ಹಿಡಿದು ಹಿಂದಕ್ಕೆಳೆದ. ಮಗುವಿನ ಕೈಯಲ್ಲಿದ್ದ ಕೋಡುಬಳೆ ಕಾಲುವೆಯತ್ತ ಚಾಚಿದ್ದನ್ನು ಕಂಡ ಸೊಸೆ ಅದನ್ನು ಕಸಿದುಕೊಂಡಳು. ಅಲಿಗೇಟರಿಗೆ ತಿನ್ನಲು ಹಾಕುವುದು ಫ್ಲೋರಿಡಾದಲ್ಲಿ ಕಾನೂನಿನಂತೆ ಅಪರಾಧ, ಏಕೆಂದರೆ ಕೈಯೂಟ ಕಂಡ ಪ್ರಾಣಿ ಮನುಷ್ಯರ ಭಯ ಬಿಟ್ಟು ಹತ್ತಿರ ಬರತೊಡಗಿದರೆ ಕಡೆಗೆ ಅದನ್ನೇ ಕೊಲ್ಲಬೇಕಾಗುತ್ತದೆ.

ಅಲಿಗೇಟರಿನ ಮೂತಿ ಅಗಲ, ಮೊಸಳೆಯದು ಚೂಪು ಎಂದು ಮಗ ಫೋನು ನೋಡಿ ಓದಿದ. ಕಾವೇರಿಯ ಮೊಸಳೆಯ ಮೂತಿಯೂ ಅಗಲವೇ ಆದ್ದರಿಂದ ಆ ಲಕ್ಷಣ ನನ್ನ ಪಾಲಿಗೆ ಕೆಲಸಕ್ಕೆ ಬರಲಿಲ್ಲ. ಬಾಯಿ ಮುಚ್ಚಿದಾಗಲೂ ಮೊಸಳೆಯ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಾಣುತ್ತದೆ, ಅಲಿಗೇಟರಿನದು ಒಳಗೆ ಅಡಗುತ್ತದೆ. ಅದನ್ನು ನೋಡಿಯೇ ಒಪ್ಪಿಕೊಂಡೆ.

ಇನ್ನಷ್ಟು ಮುಂದೆ, ಮೋರಿಯ ಬಾಯಲ್ಲಿ, ಗೇಣುದ್ದದ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಕಪ್ಪು ಮೈಗೆ ಹಳದಿ ಪಟ್ಟೆ. ಗಂಟಲಲ್ಲೇ ಗುಕ್ ಗುಕ್ ಎನ್ನುವ ಸದ್ದು. ತಾಯಿ ವರ್ಷಕ್ಕೂ ಮಿಕ್ಕಿ ಮರಿಗಳ ಕಾವಲಿರಬಲ್ಲದು ಎಂದು ಅಲ್ಲಿದ್ದ ರೇಂಜರ್ ಹೇಳುತ್ತಿದ್ದಂತೆಯೇ ಫೋಟೊಕ್ಕಾಗಿ ಒಬ್ಬಾತ ಸೈಕಲ್ ಇಳಿದು ದಂಡೆಯ ಮೇಲೆ ಬಾಗಿದ. ತಿದಿ ಒತ್ತಿದಂತೆ ಬುಸ್ಸೆಂದಿತು. ಅಲ್ಲಿ ತಾಯಿಯಿದೆ ಎಂಬುದು ಅದುವರೆಗೆ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನೀರ ಮೇಲಿನ ಪಾಚಿಯೇ ತಲೆಯಾಗಿ ಎದ್ದಿತ್ತು. ಆತ ಸೈಕಲ್ ಬಿಟ್ಟು ಹಿಂದಕ್ಕೆ ಹಾರಿದ.

ಚರ್ಮಕ್ಕಾಗಿ ಬೇಟೆಯಾಡಿ ಕ್ಷೀಣಿಸಿದ್ದ ಈ ಜೀವಿಯನ್ನು 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿ, ಚೇತರಿಸಿಕೊಂಡ ಮೇಲೆ 1987ರಲ್ಲಿ ಪಟ್ಟಿಯಿಂದ ಕೈಬಿಟ್ಟರಂತೆ. ಚಳಿಗಾಲ ಇಲ್ಲಿ ಒಣಗಾಲ. ಬಯಲಿನ ನೀರು ಇಳಿದಾಗ ಅವೆಲ್ಲ ಕಾಲುವೆಗೂ ಗುಂಡಿಗಳಿಗೂ ಬಂದು ಸೇರುತ್ತವೆ. ಟ್ರಾಮಿನಲ್ಲಿ ನಾನೂ ಮೊಮ್ಮಗಳೂ ಪಂದ್ಯ ಕಟ್ಟಿ ಎಣಿಸಿದೆವು. ಅವಳದು 31, ನನ್ನದು 19. ಕಾಲುವೆ ಅವಳ ಕಡೆಗಿತ್ತೆಂದು ಸಮಜಾಯಿಷಿ ಕೊಟ್ಟೆ. ವೀಕ್ಷಣಾ ಗೋಪುರದ ಬಳಿ ಗಾಡಿ ನಿಂತಾಗ ಜಾಗ ಬದಲಿಸೋಣವೇ ಎಂದು ಕೇಳಿದ್ದಕ್ಕೆ ಅವಳು ತಲೆಯಲ್ಲಾಡಿಸಿ, ಕಂಬಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಕುಳಿತಳು.