ಶೆಲ್ಫ್ ಪ್ರಾಜೆಕ್ಟ್: ಇಲ್ಲಿಯವರೆಗಿನ ಲೆಕ್ಕ

ಬಚ್ಚಲ ಶೆಲ್ಫಿನಿಂದ ಒಂದೊಂದೇ ವಸ್ತು ಇಳಿಸಿ, ಇದು ನಿಜಕ್ಕೂ ಕೆಲಸ ಮಾಡುತ್ತಾ, ಯಾರಿಗೆ ಮಾಡುತ್ತೆ ಅಂತ ನೋಡುವ ಕೆಲಸ ಹಿಡಿದು ಸುಮಾರು ಕಾಲವಾಯಿತು. ಪ್ರಯೋಗಕ್ಕೆ ಸಿಕ್ಕವರು ನಾವು ಮೂವರು. ಮಗನಿಗೆ ಇನ್ನೂ ಮೂರು ತುಂಬಿಲ್ಲ. ಒಣ ಚರ್ಮ, ಮೊಣಕೈ ಮಡಿಕೆಯಲ್ಲಿ, ಮಂಡಿ ಹಿಂದೆ ಎಸ್ಜಿಮಾ (ತುರಿಸಿ ಕೆಂಪಾಗುವ ಚರ್ಮದ ತೊಂದರೆ). ಮಗಳು ಶಾಲೆಗೆ ಹೋಗುತ್ತಾಳೆ. ಉದ್ದ ಕೂದಲು, ತುಂಬಾ ಸಿಕ್ಕು, ಅದಕ್ಕಿಂತ ಜಾಸ್ತಿ ಅಭಿಪ್ರಾಯಗಳು. ನನ್ನದು ದಿನವಿಡೀ ನೀರಲ್ಲಿ ನೆನೆದು ಬಿರಿಯುವ ಕೈ.

ಯಾವುದು ಒಳ್ಳೆಯದು ಎಂಬ ಪ್ರಶ್ನೆಯಿಂದ ಶುರುವಾದದ್ದು, ಈಗ ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ ಬಂದು ನಿಂತಿದೆ. ಇಲ್ಲಿಯವರೆಗೆ ಬದಲಾದ ಬಾಟಲಿಗಳಿಗಿಂತ ಬದಲಾದ ಅಳತೆಗಳೇ ಜಾಸ್ತಿ.

ನಿಯಮಗಳು

ಒಂದು ಸಲಕ್ಕೆ ಒಂದೇ ಹೊಸ ವಸ್ತು. ಸೋಪು, ಕ್ರೀಮು ಎರಡೂ ಒಟ್ಟಿಗೆ ಬದಲಿಸಿದರೆ ತುರಿಕೆ ಯಾವುದರಿಂದ ಬಂತು ಅಂತ ಹೇಳೋದು ಹೇಗೆ? ಹೊಸದು ಬಂದರೆ ಮೊದಲು ಮೊಣಕೈ ಒಳಭಾಗದಲ್ಲಿ ಒಂದು ಸಣ್ಣ ಜಾಗಕ್ಕೆ ಮಾತ್ರ. ದಿನಕ್ಕೆ ಎರಡು ಸಲ, 7ರಿಂದ 10 ದಿನ. ಚರ್ಮರೋಗ ತಜ್ಞರು ಹೇಳುವ ಕ್ರಮವೇ ಇದು. ಒಂದೇ ರಾತ್ರಿ ಹಚ್ಚಿ ನೋಡಿದರೆ ಸಾಲದು, ಏಕೆಂದರೆ ಅಲರ್ಜಿ ಕೆಲವೊಮ್ಮೆ ದಿನಗಳು ಕಳೆದ ಮೇಲೆ ತಲೆ ಎತ್ತುತ್ತದೆ. ಮಗನ ಮೊಣಕೈಯಲ್ಲಿ ಮೊದಲೇ ಎಸ್ಜಿಮಾ ಇರುವುದರಿಂದ ಅವನಿಗೆ ತೋಳಿನ ಒಳಭಾಗ. ಶಾಂಪೂ, ಬಾಡಿ ವಾಶ್‌ನಂಥ ತೊಳೆಯುವ ವಸ್ತುವಾದರೆ ಐದು ನಿಮಿಷ ಬಿಟ್ಟು ತೊಳೆಯುತ್ತೇನೆ. ಐದು ನಿಮಿಷ ಮಗನ ಕೈ ಹಿಡಿದು ಕೂರುವುದಿದೆಯಲ್ಲ, ಇಡೀ ಪ್ರಾಜೆಕ್ಟಿನಲ್ಲಿ ಅದೇ ಕಷ್ಟದ ಭಾಗ.

ಇನ್ನೊಂದು ನಿಯಮ: ಬಾಟಲಿಯ ಹಿಂಬದಿ ಓದದೆ ಏನೂ ಒಳಗೆ ಬರುವಂತಿಲ್ಲ. ಸಾಮಗ್ರಿಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ಶೇ 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಹಿಂದೆ ಮುಂದೆ ಬರೆಯಬಹುದು. ಇಲ್ಲೊಂದು ಸುಲಭದ ಗುರುತಿದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಐರೋಪ್ಯ ಒಕ್ಕೂಟದ ನಿಯಮದಂತೆ ಶೇ 1ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಆ ನಿಯಮ ಪಾಲಿಸಿದ ಕ್ರೀಮಿನ ಪಟ್ಟಿಯಲ್ಲಿ ಅದರ ನಂತರ ಬರುವ ಎಲ್ಲವೂ ಶೇ 1 ಅಥವಾ ಅದಕ್ಕಿಂತ ಕಡಿಮೆಯೇ. ಮುಂಬದಿಯಲ್ಲಿ ದೊಡ್ಡದಾಗಿ ಚಿತ್ರ ಹಾಕಿಸಿಕೊಂಡ ಗಿಡಮೂಲಿಕೆ ಎಷ್ಟು ಸಲ ಈ ಗೆರೆಯ ಆಚೆ ಕೂತಿರುತ್ತದೆ ನೋಡಿ, ನಗು ಬರುತ್ತದೆ.

ಟೂತ್‌ಪೇಸ್ಟ್: ಮುಗಿಯಿತು

ಬೇಗ ಮುಗಿದ ಅಧ್ಯಾಯ. ಟ್ಯೂಬಿನ ಹಿಂದೆ ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂತ ಇರುತ್ತದೆ. ಹಲ್ಲು ಹುಳುಕಾಗದಂತೆ ತಡೆಯಲು ಕನಿಷ್ಠ 1000 ಪಿಪಿಎಂ ಬೇಕು. ಮಕ್ಕಳದ್ದೆಂದು ಮಾರುವ ಕೆಲವು ಪೇಸ್ಟ್‌ಗಳಲ್ಲಿ ಅದಕ್ಕಿಂತ ಕಡಿಮೆ, ಕೆಲವದರಲ್ಲಿ ಸೊನ್ನೆ. ಬಣ್ಣ, ಗೊಂಬೆ, ರುಚಿ ಎಲ್ಲಾ ಆಮೇಲೆ.

ಅಳತೆ ಇಲ್ಲಿ ತುಂಬಾ ಮುಖ್ಯ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಅಲೆ ಅಲೆಯಾಗಿ ಕೂತಿರುತ್ತಲ್ಲ, ಅದು ಯಾರ ಅಳತೆಯೂ ಅಲ್ಲ. ಮಗ ಉಗುಳುವುದಕ್ಕಿಂತ ನುಂಗುವುದೇ ಜಾಸ್ತಿ, ಹಾಗಾಗಿ ಅಕ್ಕಿಕಾಳು ದಾಟಲು ಬಿಡುವುದಿಲ್ಲ. ಹಲ್ಲುಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸಬಾರದು. ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ಹೋಗುತ್ತದೆ. ಮಗಳಿಗೆ ಇದು ಬಹಳ ಖುಷಿ, ಒಂದು ಕೆಲಸ ಕಡಿಮೆಯಾಯಿತು ಅಂತ.

ನಾನು ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟ್‌ಗೆ ಬಂದಿದ್ದೇನೆ. ಪದೇ ಪದೇ ಬಾಯಿಹುಣ್ಣು ಆಗುವವರಲ್ಲಿ ಕೆಲವರಿಗೆ ಇದರಿಂದ ಅನುಕೂಲವಾಗುತ್ತದೆ. ನೊರೆ ಕಡಿಮೆ, ಮೊದಮೊದಲು ಹಲ್ಲುಜ್ಜಿದ ಹಾಗೇ ಅನಿಸುವುದಿಲ್ಲ. ಹುಣ್ಣು ಕಡಿಮೆಯಾಗಿದೆ, ಸದ್ಯಕ್ಕೆ ಇದೇ ಇರಲಿ.

ಒರೆಸುವ ವೈಪ್ಸ್: ಹೊರಗೆ

ಮಗನ ಬಾಯಿ ಸುತ್ತ ಕೆಂಪಗೆ ಒಂದು ಉಂಗುರ ಏಳುತ್ತಿತ್ತು. ಜೊಲ್ಲಿನಿಂದ ಅಂತ ಎಲ್ಲರೂ ಹೇಳಿದರು. ಉಂಗುರದ ಅಂಚು ಮಾತ್ರ ಸರಿಯಾಗಿ ವೈಪ್ ಓಡುವ ದಾರಿಯಲ್ಲೇ ಇತ್ತು, ಗಲ್ಲದ ಕೆಳಗೆ ಜೊಲ್ಲು ಇಳಿಯುವ ಕಡೆ ಏನೂ ಇರಲಿಲ್ಲ. ಪ್ಯಾಕೆಟ್ ತಿರುಗಿಸಿ ಓದಿದರೆ, ಸಂರಕ್ಷಕವಾಗಿ ಹಾಕಿದ ಮೀಥೈಲ್‌ಐಸೋಥಯಾಜೋಲಿನೋನ್. ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘ 2013ರಲ್ಲಿ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿದ್ದು ಇದನ್ನೇ. ತೊಳೆಯದೆ ಚರ್ಮದ ಮೇಲೇ ಬಿಡುವ ವಸ್ತುಗಳಲ್ಲಿ ಇದನ್ನು ಹಾಕುವುದನ್ನು ಐರೋಪ್ಯ ಒಕ್ಕೂಟ 2017ರಲ್ಲಿ ನಿಲ್ಲಿಸಿತು. ನನ್ನ ಕೈಲಿದ್ದ ಪ್ಯಾಕೆಟ್ಟಿನ ಮುಂದೆ ಹೈಪೋಅಲರ್ಜೆನಿಕ್, ಅಂದರೆ ಅಲರ್ಜಿ ತರುವುದು ಕಡಿಮೆ, ಅಂತ ಬೇರೆ ಇತ್ತು! ಅಮೆರಿಕದಲ್ಲಿ ಆ ಪದಕ್ಕೆ ಕಾನೂನಿನ ವ್ಯಾಖ್ಯೆಯೇ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು.

ಈಗ ಮೆತ್ತನೆಯ ಹತ್ತಿ ಬಟ್ಟೆ, ನೀರು. ಹೊರಗೆ ಹೋಗುವಾಗ ಒಂದು ಒದ್ದೆ, ಒಂದು ಒಣ. ಉಂಗುರ ಹೋಯಿತು. ವೈಪ್ಸ್ ಬದಲಿಗೆ ಇನ್ನೊಂದು ವೈಪ್ಸ್ ಹುಡುಕುವ ಉಮೇದು ನನಗಿಲ್ಲ.

ಸೋಪು ಮತ್ತು ಕ್ರೀಮು: ನಡೆಯುತ್ತಿದೆ

ಜಾಸ್ತಿ ಸಮಯ ತಿಂದದ್ದು ಇದು, ಫಲ ಕೊಟ್ಟದ್ದೂ ಇದೇ.

ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5. ಮಾಮೂಲಿ ಸೋಪು 9ರಿಂದ 10. ಗಟ್ಟಿ ಚರ್ಮದವರಿಗೆ ಇದರಿಂದ ಅಂಥ ತೊಂದರೆಯಿಲ್ಲ, ಎಸ್ಜಿಮಾ ಇರುವ ಮಗುವಿಗೆ ಉರಿಯುತ್ತದೆ. ಸಿಂಡೆಟ್ ಎನ್ನುವ ಬಾರ್‌ಗಳು ನೋಡಲು ಸೋಪಿನಂತೆಯೇ ಇದ್ದರೂ ಸೋಪಲ್ಲ, ಪಿಎಚ್ ಚರ್ಮಕ್ಕೆ ಹತ್ತಿರ. ಮಗನಿಗೆ ಈಗ ವಾಸನೆಯಿಲ್ಲದ ಸಿಂಡೆಟ್, ಅದೂ ಕೊಳೆಯಾಗುವ ಜಾಗಗಳಿಗೆ ಮಾತ್ರ. ಮಗಳು ತನ್ನ ಘಮಘಮ ಸೋಪು ಬಿಡಲು ಒಪ್ಪಲಿಲ್ಲ. ಅವಳ ಚರ್ಮಕ್ಕೆ ಅದರಿಂದ ಏನೂ ಆಗುತ್ತಿಲ್ಲ, ಹಾಗಾದರೆ ನಾನ್ಯಾಕೆ ಸುಮ್ನೆ ಜಗಳ ಆಡಲಿ?

ಕ್ರೀಮಿನ ವಿಷಯಕ್ಕೆ ಬರೋಣ. ಲೋಶನ್, ಕ್ರೀಮ್, ಆಯಿಂಟ್‌ಮೆಂಟ್ ಮೂರನ್ನೂ ಒಂದೊಂದು ಹನಿ ಅಂಗೈ ಮೇಲೆ ಹಾಕಿ ಕೈಯನ್ನು ಓರೆ ಮಾಡಿದೆ. ಲೋಶನ್ ಮಣಿಕಟ್ಟಿನ ಕಡೆ ಹರಿಯಿತು. ಕ್ರೀಮ್ ಮೆಲ್ಲಗೆ ಜಾರಿ, ಅರ್ಧದಲ್ಲಿ ನಿಂತಿತು. ಆಯಿಂಟ್‌ಮೆಂಟ್ ಕದಲಲೇ ಇಲ್ಲ. ಹರಿಯುವುದರಲ್ಲಿ ನೀರು ಜಾಸ್ತಿ, ಜಿಡ್ಡು ಕಡಿಮೆ. ಚರ್ಮದೊಳಗಿನ ನೀರು ಆರಿಹೋಗದಂತೆ ತಡೆಯುವುದು ಆ ಜಿಡ್ಡೇ. ಈ ಕೆಲಸಕ್ಕೆ 1872ರಲ್ಲಿ ಪೇಟೆಂಟ್ ಆದ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವುದು ಈಗಲೂ ಕಷ್ಟ. ಅಂಟಂಟು ಎನ್ನುವುದೊಂದೇ ದೂರು. ಹಗಲು ಕ್ರೀಮ್, ರಾತ್ರಿ ಆಯಿಂಟ್‌ಮೆಂಟ್ ಎಂದು ರಾಜಿಯಾಗಿದ್ದೇವೆ.

ಮತ್ತೆ ಅದೇ ಪ್ರಶ್ನೆ, ಎಷ್ಟು? ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ ಎಸ್ಜಿಮಾ ಇರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಎನ್ನುತ್ತದೆ. ವಾರಕ್ಕೆ! ಅಂಗಡಿಯಲ್ಲಿ ಸಿಗುವ ಮುದ್ದಾದ ಚಿಕ್ಕ ಟ್ಯೂಬುಗಳು ಈ ಲೆಕ್ಕದಲ್ಲಿ ಎರಡು ದಿನಕ್ಕೂ ಬರುವುದಿಲ್ಲ. ಇದು ಗೊತ್ತಾದ ಮೇಲೆ ಬ್ರ್ಯಾಂಡ್ ಹುಡುಕುವುದನ್ನು ಬಿಟ್ಟು ದೊಡ್ಡ ಡಬ್ಬಿ ಹುಡುಕಿದೆ. ವಾಸನೆಯಿಲ್ಲದ, ಪಟ್ಟಿ ಚಿಕ್ಕದಿರುವ, ಸಾದಾ ಡಬ್ಬಿ. ಸ್ನಾನವಾದ ಕೂಡಲೇ ಟವೆಲ್‌ನಿಂದ ಉಜ್ಜದೆ ಒತ್ತಿ, ಮೈ ಇನ್ನೂ ತೇವ ಇರುವಾಗಲೇ ಧಾರಾಳವಾಗಿ ಹಚ್ಚುತ್ತೇನೆ. ರೋಮ ಮಲಗಿದ ದಿಕ್ಕಿಗೇ ಸವರಬೇಕು, ತಿಕ್ಕಬಾರದು. ಡಬ್ಬಿಗೆ ಬೆರಳು ಹಾಕುವಂತಿಲ್ಲ, ಶುಚಿಯಾದ ಚಮಚದಲ್ಲೇ ತೆಗೆಯಬೇಕು. ಚಮಚದ ಉಸ್ತುವಾರಿ ಮಗಳದು. ನಾನು ಮರೆತರೆ ಬೈಯುತ್ತಾಳೆ.

ಮೊಣಕೈ ಮಡಿಕೆಯಲ್ಲಿ ದೊರಗು ಹೋಗಿದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಮಂಡಿ ಹಿಂದೆ ಇನ್ನೂ ಇದೆ. ಅದು ಕೆರಳಿದಾಗ ವೈದ್ಯರು ಬರೆದುಕೊಟ್ಟ ಔಷಧಿಯೇ ಬೇಕು, ಕ್ರೀಮು ಅದರ ಬದಲಿಯಲ್ಲ. ಒಂದು ಎಚ್ಚರಿಕೆ: ಇಂಥ ಜಿಡ್ಡು ಹೀರಿದ ಬಟ್ಟೆ, ಹಾಸಿಗೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಉರಿಯುವ ಯಾವುದರ ಹತ್ತಿರವೂ ಬಿಡಬೇಡಿ.

ನನ್ನ ಕೈಗೂ ಅದೇ ಡಬ್ಬಿ. ಕೈ ತೊಳೆದಾಗಲೆಲ್ಲ ಹಚ್ಚಿದರೆ ಮಾತ್ರ ಉಪಯೋಗ, ರಾತ್ರಿ ಒಂದು ಸಲ ಹಚ್ಚಿ ಮಲಗಿದರೆ ಸಾಲುವುದಿಲ್ಲ. ಹ್ಯಾಂಡ್ ಕ್ರೀಮ್ ಎಂದು ಬೇರೆ ಡಬ್ಬಿಯಲ್ಲಿ ಕೊಡುವುದರಲ್ಲಿ ಹೊಸದೇನೂ ಕಾಣಲಿಲ್ಲ.

ಶಾಂಪೂ, ಕಂಡೀಷನರ್

ಕಣ್ಣುರಿಯದ ಬೇಬಿ ಶಾಂಪೂನಲ್ಲಿ ಕೊಕಮಿಡೋಪ್ರೊಪೈಲ್ ಬೀಟೇನ್‌ನಂಥ ಮೃದು ಸಾಮಗ್ರಿ ಇರುತ್ತದೆ. ಮಗನಿಗೆ ಸಾಕು. ಮಗಳ ತಲೆಗೆ ಅದು ಏನೂ ಮಾಡುವುದಿಲ್ಲ. ಅವಳ ಸಿಕ್ಕಿಗೆ ಪರಿಹಾರ ಸಿಕ್ಕಿದ್ದು ಕಂಡೀಷನರಿನಲ್ಲಿ: ನೆನೆದ ಕೂದಲಿನದು ಋಣ ವಿದ್ಯುದಂಶ, ಕಂಡೀಷನರಿನ ಮುಖ್ಯ ಸಾಮಗ್ರಿಯದು ಧನ, ಹಾಗಾಗಿ ಅಂಟಿಕೊಂಡು ಎಳೆಗಳನ್ನು ನುಣುಪು ಮಾಡುತ್ತದೆ. ಬುಡಕ್ಕೆ ಬೇಡ, ತುದಿಗೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸಿಕೊಂಡು ಹೋಗಬೇಕು. ಬೆಳಗಿನ ಅಳು ನಿಂತಿದೆ.

ಸನ್‌ಸ್ಕ್ರೀನ್: ಅರ್ಧಕ್ಕೆ ನಿಂತಿದೆ

ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂಬ ಅಂಕಿ) 15 ಆದರೆ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 93 ತಡೆಯುತ್ತದೆ, 30 ಆದರೆ ಶೇ 97, 50 ಆದರೆ ಶೇ 98. ಅಂದರೆ 30ರಿಂದ 50ಕ್ಕೆ ಹಾರಿದರೆ ಸಿಗುವುದು ಒಂದು ಚೂರು. ಆದರೆ ಈ ಅಂಕಿಗಳೆಲ್ಲ ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ ಬಂದವು. ದೊಡ್ಡವರ ಇಡೀ ಮೈಗೆ ಸುಮಾರು 30 ಮಿಲಿ. 100 ಮಿಲಿ ಬಾಟಲಿ ಮೂರು ಸಲಕ್ಕೆ ಖಾಲಿ, ಅದೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು! ನಾವು ಯಾರೂ ಅಷ್ಟು ಹಚ್ಚುವುದಿಲ್ಲ ಅಲ್ವಾ? ತೆಳುವಾಗಿ ಹಚ್ಚಿದ 50, ಬರೆದ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ.

ಮಕ್ಕಳಿಗೆ ಜಿಂಕ್ ಆಕ್ಸೈಡ್ ಇರುವುದನ್ನು ತಂದೆ, ಸೂಕ್ಷ್ಮ ಚರ್ಮಕ್ಕೆ ಅದು ಹೊಂದುತ್ತದೆ ಅಂತ. ಸರಿಯಾದ ಅಳತೆಯಲ್ಲಿ ಹಚ್ಚಿದ ಮೇಲೆ ಮಗಳು ಕನ್ನಡಿ ನೋಡಿಕೊಂಡಳು. ಹುಬ್ಬಿನೊಳಗೆಲ್ಲ ಬಿಳಿ ಗೆರೆ. "ನಾನು ಹೀಗೆ ಶಾಲೆಗೆ ಹೋಗಲ್ಲ" ಅಂದಳು, ಮಾತು ಮುಗಿಯಿತು. ಈಗ ಅಗಲ ಟೋಪಿ, ಪೂರ್ತಿ ತೋಳಿನ ಅಂಗಿ, ಉಳಿದ ಜಾಗಕ್ಕೆ ಮಾತ್ರ ಕ್ರೀಮು. ಬಟ್ಟೆಯನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಿಲ್ಲ. ಬಿಳಿ ಬಿಡದ ಇನ್ನೊಂದು ಸದ್ಯ ಅವಳ ಮೊಣಕೈಯಲ್ಲಿ ಪರೀಕ್ಷೆಯಲ್ಲಿದೆ.

ಬಟ್ಟೆ ಡಿಟರ್ಜೆಂಟ್: ಅಳತೆ ಇಳಿಸಿದೆ

ಶೆಲ್ಫಿನದಲ್ಲ, ಆದರೂ ಮೈಗೆ ತಾಗುವುದು. ಒಗೆದು ಒಣಗಿಸಿದ ಟವೆಲ್ ಒಂದನ್ನು ಬಿಸಿನೀರಿನ ಬಕೆಟ್ಟಿಗೆ ಹಾಕಿ ಕೈಯಲ್ಲಿ ಕಲಕಿದೆ. ಡಿಟರ್ಜೆಂಟ್ ಏನೂ ಹಾಕಿರಲಿಲ್ಲ. ನೀರು ಮಸುಕಾಗಿ, ಅಂಚಿನಲ್ಲಿ ನೊರೆ ಕಟ್ಟಿತು. ಹಿಂದಿನ ಒಗೆತಗಳ ಡಿಟರ್ಜೆಂಟ್ ಒಳಗೇ ಕೂತಿತ್ತು. ಮುಚ್ಚಳದ ಒಳಗಿನ ಗೆರೆ ಹಿಡಿದು ಅಳತೆ ಇಳಿಸಿ, ಒಂದು ಜಾಲಾಟ ಜಾಸ್ತಿ ಮಾಡಿದ ಮೇಲೆ ಟವೆಲ್ ಮೆತ್ತಗಾಯಿತು. ಫ್ಯಾಬ್ರಿಕ್ ಸಾಫ್ಟ್‌ನರ್ ನಿಲ್ಲಿಸಿದೆ. ಅದು ನೂಲಿನ ಮೇಲೆ ಒಂದು ಪದರ ಬಿಡುತ್ತದೆ, ಟವೆಲ್ ನೀರು ಹೀರುವುದು ಕಡಿಮೆಯಾಗುತ್ತದೆ. ಹಳೆಯ ಟವೆಲ್ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ, ಇಂಗದೆ ಗುಂಡಗೆ ನಿಂತರೆ ಕಾರಣ ಅದೇ ಇರಬಹುದು.

ನನಗೆ ಮಾತ್ರ: ಮುಟ್ಟಿನ ಕಪ್

ಮುಟ್ಟಿನ ರಕ್ತ ಹಿಡಿಯಲು ಒಳಗಿಟ್ಟುಕೊಳ್ಳುವ ಸಿಲಿಕೋನ್ ಕಪ್ ಬಗ್ಗೆ 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳ ಪರಾಮರ್ಶೆ ಬಂದಿತ್ತು. ಸೋರುವುದು ಪ್ಯಾಡ್, ಟ್ಯಾಂಪನ್‌ನಷ್ಟೇ ಅಥವಾ ಕಡಿಮೆ. ಒಂದು ಸಲ ರೂಢಿಯಾದ ಮೇಲೆ ಶೇ 70ಕ್ಕೂ ಹೆಚ್ಚು ಮಂದಿ ಮುಂದುವರಿಸಲು ಬಯಸಿದ್ದರು. ರೂಢಿಯಾಗುವವರೆಗೆ ಎನ್ನುವುದೇ ದೊಡ್ಡ ಮಾತು. ಮೊದಲ ಸಲ ಬಚ್ಚಲಲ್ಲಿ ಬಹಳ ಹೊತ್ತು ಕಳೆದೆ, ಬಾಗಿಲಾಚೆ ಎರಡು ಕೈ ಬಡಿಯುತ್ತಲೇ ಇದ್ದವು. ಕಪ್ಪಿನ ಬುಡ ಚಿವುಟಿ, ಒಳಗಿನ ಗಾಳಿಯ ಹಿಡಿತ ಬಿಡಿಸಿ ಆಮೇಲೆ ಎಳೆಯಬೇಕು, ಸುಮ್ನೆ ಎಳೆಯುವುದಲ್ಲ. ಈಗ ಸಲೀಸು. ಬಳಸುವ ಮುಂಚೆ ಕುದಿಸುವ ಪಾತ್ರೆ ಬೇರೆಯೇ ಇಟ್ಟಿದ್ದೇನೆ.

ಮುಂದೆ

ಸೊಳ್ಳೆ ತಡೆಯುವ ಸ್ಪ್ರೇ. ಲೆಮನ್ ಯೂಕಲಿಪ್ಟಸ್ ಎಣ್ಣೆಯದು ಮೂರು ವರ್ಷದೊಳಗಿನವರಿಗೆ ಬೇಡ ಎನ್ನುತ್ತಾರೆ, ಹಾಗಾಗಿ ಮಗನಿಗೆ ಬೇರೆ ನೋಡಬೇಕು. ಸನ್‌ಸ್ಕ್ರೀನ್ ಮೊದಲು, ಅದರ ಮೇಲೆ ಸ್ಪ್ರೇ. ಎರಡೂ ಒಂದರಲ್ಲೇ ಇರುವ ಬಾಟಲಿ ಬೇಡವೇ ಬೇಡ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು, ಸ್ಪ್ರೇಯನ್ನು ಅಷ್ಟು ಸಲ ಹಾಕಬಾರದು. ಮಗಳ ಮೊಣಕೈ ಪರೀಕ್ಷೆ ಮುಗಿದ ಮೇಲೆ ಇದನ್ನು ಶುರು ಮಾಡುತ್ತೇನೆ.